ಮರಳುನಾಡಿನಲ್ಲಿ ನಮ್ಮೂರ ಮಕ್ಕಳು

ಮಂಜೇಶ್ವರ, ಕುಂಬಳೆ, ಕಾಸರಗೋಡು ಕಡೆಯ ಯಾವುದೇ ಧರ್ಮಕೇಂದ್ರದ ಕುಟುಂಬಗಳ ಪುಸ್ತಕ ತೆರೆದು ನೋಡಿ. ಹಲವು ಹೆಸರುಗಳ ಮುಂದೆ ‘ದುಬೈ’, ‘ಶಾರ್ಜಾ’, ‘ಕುವೈತ್’ ಎಂಬ ಬರಹ ಕಾಣುತ್ತದೆ. ಒಂದು ಕಾಲದಲ್ಲಿ ಈ ಬರಹ ಹೆಚ್ಚಾಗಿ ಗಂಡಸರ ಹೆಸರಿನ ಮುಂದೆ ಮಾತ್ರ ಇರುತ್ತಿತ್ತು. ಗಂಡ ಗಲ್ಫಿನಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ, ಒಂದು ದೊಡ್ಡ ಪೆಟ್ಟಿಗೆ, ಮತ್ತೆ ಬೀಳ್ಕೊಡುಗೆ. ಆ ಕಾಲ ಪೂರ್ತಿ ಹೋಗಿಲ್ಲವಾದರೂ ಬಹಳ ಬದಲಾಗಿದೆ. ಇಂದು ಮೂರು ವರ್ಷದ ಮಗುವಿನ ಹೆಸರಿನ ಮುಂದೆಯೂ ‘ದುಬೈ’ ಎಂದು ಬರೆಯುತ್ತಿದ್ದೇವೆ.

ಈ ಮಕ್ಕಳನ್ನು ನಾವು ಜುಲೈ ತಿಂಗಳಲ್ಲಿ ನೋಡುತ್ತೇವೆ. ಹೊಸ ಬಟ್ಟೆ ತೊಟ್ಟು ಅಜ್ಜಿಯ ಸೆರಗು ಹಿಡಿದು ಪೂಜೆಗೆ ಬರುತ್ತಾರೆ. ಆಗಸ್ಟ್ ಕೊನೆಗೆ ಕಾಣೆಯಾಗುತ್ತಾರೆ. ಉಳಿದ ಹತ್ತು ತಿಂಗಳು ಅವರು ಹೇಗೆ ಬದುಕುತ್ತಾರೆ? ಅವರ ಅಂಗಳ ಯಾವುದು, ಆಟ ಯಾವುದು, ಅವರನ್ನು ಸಾಕುವ ತಂದೆತಾಯಿಗಳ ಕಷ್ಟಸುಖ ಏನು? ಇದನ್ನು ಹತ್ತಿರದಿಂದ ಕಾಣುವ ಅವಕಾಶ ಕಳೆದ ನವೆಂಬರಿನಲ್ಲಿ ನಮಗೆ ಒದಗಿ ಬಂತು. ನಮ್ಮ ಕಡೆಯ ಕೆಲವು ಕುಟುಂಬಗಳ ಕರೆಯ ಮೇರೆಗೆ ಹನ್ನೆರಡು ದಿನ ದುಬೈ ಮತ್ತು ಶಾರ್ಜಾದಲ್ಲಿ ಇದ್ದೆವು. 828 ಮೀಟರ್ ಎತ್ತರದ ಬುರ್ಜ್ ಖಲೀಫಾವನ್ನು ಕತ್ತೆತ್ತಿ ನೋಡಿದ್ದೂ ಹೌದು. ಆದರೆ ಹೆಚ್ಚಿನ ಹೊತ್ತು ನಾವು ಕುಳಿತದ್ದು ಅಡುಗೆಮನೆಯ ಬಾಗಿಲಲ್ಲಿ, ಮಕ್ಕಳ ನಡುವೆ. ಈ ಲೇಖನ ಅಲ್ಲಿಯದು.

ಬಜ್ಪೆಯಿಂದ ಆಚೆಗೆ

ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರಿನಲ್ಲಿ ತೆರೆದಿದ್ದರೂ ಜಿಲ್ಲೆಯ ಉತ್ತರ ಭಾಗದ ನಮಗೆ ಇಂದಿಗೂ ಬಜ್ಪೆಯೇ ಹತ್ತಿರ. ಅಲ್ಲಿಂದ ದುಬೈಗೆ ನಾಲ್ಕು ಗಂಟೆಯೊಳಗಿನ ಹಾರಾಟ. ವಿಮಾನ ತುಂಬ ಮಕ್ಕಳು. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಹಾಲಿನ ಬಾಟಲಿ ಹಿಡಿದು ಗಂಡನಿರುವಲ್ಲಿಗೆ ಒಬ್ಬಳೇ ಹೊರಟ ತಾಯಂದಿರು. 2010ರ ಮೇ 22ರ ಮುಂಜಾನೆ ದುಬೈಯಿಂದ ಹೊರಟು ಬಂದ ವಿಮಾನ ಇದೇ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ಬದುಕಿ ಉಳಿದವರು ಎಂಟೇ ಜನ. ಸತ್ತವರಲ್ಲಿ ಕಾಸರಗೋಡಿನವರು ಅನೇಕರು, ಎಳೆಯ ಮಕ್ಕಳೂ ಇದ್ದರು. ಕರಾವಳಿಯ ಮನೆಗಳು ಆ ದಿನವನ್ನು ಮರೆತಿಲ್ಲ. ಆದರೂ ವಿಮಾನಗಳು ಅದೇ ದಾರಿಯಲ್ಲಿ ಹೋಗಿ ಬರುತ್ತಿವೆ, ಮಕ್ಕಳನ್ನು ಕಟ್ಟಿಕೊಂಡು ತಾಯಂದಿರು ಹೋಗಿ ಬರುತ್ತಿದ್ದಾರೆ. ಹೊಟ್ಟೆಪಾಡು ಮತ್ತು ಒಟ್ಟಿಗೆ ಇರಬೇಕೆಂಬ ಆಸೆ, ಈ ಎರಡೂ ಸೇರಿದಾಗ ಮನುಷ್ಯ ಅಂಜಿಕೆಯನ್ನು ನುಂಗಿಕೊಳ್ಳುತ್ತಾನೆ.

ಅಂಗಳವಿಲ್ಲದ ಮನೆ

ದುಬೈಯಲ್ಲಿ ಕೆಲಸ, ಶಾರ್ಜಾದಲ್ಲಿ ಮನೆ: ಸಾಧಾರಣ ಸಂಬಳದ ಎಷ್ಟೋ ಕುಟುಂಬಗಳ ಲೆಕ್ಕಾಚಾರ ಇದು. ಶಾರ್ಜಾದಲ್ಲಿ ಬಾಡಿಗೆ ಕಡಿಮೆ. ಆದರೆ ಉಳಿಸಿದ ಹಣವನ್ನು ರಸ್ತೆಯಲ್ಲಿ ಸಮಯದ ರೂಪದಲ್ಲಿ ತೆರಬೇಕಾಗುತ್ತದೆ. ಎರಡು ನಗರಗಳ ನಡುವಿನ ದಾರಿಯಲ್ಲಿ ಬೆಳಗ್ಗೆ, ಸಂಜೆ ವಾಹನಗಳು ಇರುವೆ ಸಾಲಿನಂತೆ ಸರಿಯುತ್ತವೆ. ಅಲ್ ನಹ್ದಾ ಎಂಬಲ್ಲಿ ನಾವು ಉಳಿದುಕೊಂಡ ಮನೆಯ ಯಜಮಾನರು ಬೆಳಗ್ಗೆ ಆರೂವರೆಗೆ ಮನೆ ಬಿಟ್ಟರೆ ಮರಳಿ ಬರುವಾಗ ರಾತ್ರಿ ಎಂಟು. ಕಿರಿಯ ಮಗಳು ಎಂಟೂವರೆಗೆ ಮಲಗುತ್ತಾಳೆ. ತಂದೆ ಮಗಳಿಗೆ ದಿನಕ್ಕೆ ಸಿಗುವುದು ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಅವರು ಫೋನ್ ಮುಟ್ಟುವುದಿಲ್ಲ. ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ಆನೆಯಾಗಿ ನಡೆಯುತ್ತಾರೆ. ನಾವು ಅತಿಥಿಗಳಿದ್ದೇವೆಂದು ಆ ಆನೆಗೆ ರಜೆ ಸಿಗಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ಬಯಲಲ್ಲಿ ಕೂಲಿಕಾರರಿಂದ ಕೆಲಸ ಮಾಡಿಸಬಾರದೆಂಬ ನಿಯಮವೇ ಇದೆ. ಇನ್ನು ಮಕ್ಕಳನ್ನು ಹೊರಗೆ ಬಿಡುವುದೆಲ್ಲಿಂದ ಬಂತು? ಬೇಸಿಗೆಯಲ್ಲಿ ಅವರ ಮೈದಾನವೆಂದರೆ ಏಸಿ ಹಾಕಿದ ಹಾಲ್, ಲಿಫ್ಟಿನ ಎದುರಿನ ಓಣಿ, ವಾರಕ್ಕೊಮ್ಮೆ ಮಾಲ್. ನಾವು ಹೋದ ನವೆಂಬರಿನಲ್ಲಿ ಮಾತ್ರ ಬಾಗಿಲುಗಳು ತೆರೆದಿದ್ದವು. ಸಂಜೆಯಾದರೆ ಕೆರೆಯ ಸುತ್ತಲಿನ ಉದ್ಯಾನದಲ್ಲಿ ಕಾಲಿಡಲು ಜಾಗವಿಲ್ಲ. ಕಣ್ಣೂರು, ಕರಾಚಿ, ಕೈರೋ, ಮನಿಲಾ ಎಲ್ಲ ಕಡೆಯ ಮಕ್ಕಳು ಒಂದೇ ಜಾರುಬಂಡಿಗೆ ಸಾಲು ನಿಲ್ಲುತ್ತಾರೆ. ಯಾವ ಭಾಷೆಯಲ್ಲೋ ಜಗಳವಾಡಿ ಯಾವ ಭಾಷೆಯಲ್ಲೋ ರಾಜಿಯಾಗುತ್ತಾರೆ.

ಕರಾಮಾದಲ್ಲಿ ಇನ್ನೊಂದು ಮನೆ. ತಾಯಿ ದಾದಿ, ತಂದೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ತಾಯಿ ರಾತ್ರಿ ಪಾಳಿ ಮುಗಿಸಿ ಮೆಟ್ಟಿಲು ಹತ್ತುವಾಗ ತಂದೆ ಕೆಲಸಕ್ಕೆ ಹೊರಟಿರುತ್ತಾರೆ. ಎರಡು ವರ್ಷದ ಮಗನನ್ನು ಬಾಗಿಲಲ್ಲೇ ಕೈಯಿಂದ ಕೈಗೆ ದಾಟಿಸುತ್ತಾರೆ. ಈ ತಂದೆ ಮಗುವಿಗೆ ಸ್ನಾನ ಮಾಡಿಸುತ್ತಾರೆ, ಕುಚ್ಚಲಕ್ಕಿ ಗಂಜಿ ಬೇಯಿಸಿ ಉಣಿಸುತ್ತಾರೆ, ಜ್ವರ ಬಂದರೆ ರಾತ್ರಿಯಿಡೀ ಎಚ್ಚರವಿರುತ್ತಾರೆ. “ಊರಲ್ಲಿದ್ದಿದ್ದರೆ ಇದನ್ನೆಲ್ಲ ಅಮ್ಮ, ಅಕ್ಕ ಮಾಡ್ತಿದ್ರು ಫಾದರ್. ನಾನು ಕಲೀತಾನೇ ಇರ್ಲಿಲ್ಲ” ಎಂದರು. ಪರದೇಶ ಮಕ್ಕಳಿಂದ ಅಜ್ಜ ಅಜ್ಜಿಯರನ್ನು ಕಿತ್ತುಕೊಂಡಿದೆ ಎಂದು ಮರುಗುವ ನಾವು ಈ ಮಾತನ್ನೂ ಕೇಳಿಸಿಕೊಳ್ಳಬೇಕು. ತನ್ನ ತಂದೆಯಿಂದ ತಾನು ಪಡೆಯದಿದ್ದ ಆರೈಕೆಯನ್ನು ಇವರು ಮಗನಿಗೆ ಕೊಡುತ್ತಿದ್ದಾರೆ.

ಅರವತ್ತು ದಿನದ ಬಾಣಂತನ

ಶಾರ್ಜಾದ ಮತ್ತೊಂದು ಮನೆಯಲ್ಲಿ ನಲವತ್ತು ದಿನದ ಕೂಸಿತ್ತು. ಬಾಣಂತನಕ್ಕೆ ಊರಿನಿಂದ ಅಜ್ಜಿ ಬಂದಿದ್ದರು. ಲೇಹ್ಯ, ತೆಂಗಿನೆಣ್ಣೆ, ಮೆತ್ತನೆಯ ಹಳೆಯ ಸೀರೆಯ ತುಂಡುಗಳು, ಎಲ್ಲವನ್ನೂ ಪೆಟ್ಟಿಗೆಯಲ್ಲಿ ತುಂಬಿ ತಂದಿದ್ದರು. “ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯೋಣ ಅಂದ್ರೆ ಅಂಗಳ ಎಲ್ಲಿದೆ ಫಾದರ್? ಇಲ್ಲಿ ಬಿಸಿಲು ಕಿಟಕಿಯ ಆಚೆ ಮಾತ್ರ” ಎನ್ನುತ್ತಾ ನಕ್ಕರು. ನಗುವಿನ ಹಿಂದೆಯೇ ಗೋಡೆಯ ಕ್ಯಾಲೆಂಡರ್ ನೋಡಿದರು.

ಆ ಕ್ಯಾಲೆಂಡರಿನಲ್ಲಿ ಒಂದೇ ವಾರದೊಳಗೆ ಎರಡು ಗುರುತುಗಳಿದ್ದವು. ಒಂದು ಅಜ್ಜಿಯ ಭೇಟಿ ವೀಸಾ ಮುಗಿಯುವ ದಿನ, ಇನ್ನೊಂದು ಸೊಸೆಯ ಹೆರಿಗೆ ರಜೆ ಮುಗಿಯುವ ದಿನ. ವೀಸಾ ಅರವತ್ತು ದಿನದ್ದು, ರಜೆಯೂ ಅರವತ್ತು ದಿನದ್ದು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಗೆ ಬಂದ ಕಾರ್ಮಿಕ ಕಾಯಿದೆಯ ಪ್ರಕಾರ ಖಾಸಗಿ ಉದ್ಯೋಗದ ತಾಯಿಗೆ 45 ದಿನ ಪೂರ್ತಿ ಸಂಬಳದ, 15 ದಿನ ಅರ್ಧ ಸಂಬಳದ ರಜೆ. ಅದಕ್ಕೆ ಮುಂಚೆ ಇದ್ದದ್ದು 45 ದಿನ ಮಾತ್ರ. ಕೆಲಸಕ್ಕೆ ಮರಳಿದ ಮೇಲೆ, ಹೆರಿಗೆಯಾದ ದಿನದಿಂದ ಆರು ತಿಂಗಳು ತುಂಬುವವರೆಗೆ, ಮಗುವಿಗೆ ಹಾಲೂಡಿಸಲು ದಿನಕ್ಕೆ ಒಂದು ಗಂಟೆ ಬಿಡುವು. ತಂದೆತಾಯಿ ಇಬ್ಬರಿಗೂ ಐದೈದು ದಿನಗಳ ಪೋಷಕರ ರಜೆಯೂ ಇದೆ. ನಮ್ಮ ದೇಶದಲ್ಲಿ 2017ರ ತಿದ್ದುಪಡಿಯ ನಂತರ ಕಾಯಿದೆಯ ವ್ಯಾಪ್ತಿಗೆ ಬರುವ ಉದ್ಯೋಗಸ್ಥ ತಾಯಂದಿರಿಗೆ ಮೊದಲ ಎರಡು ಹೆರಿಗೆಗೆ 26 ವಾರ ರಜೆ ಇರುವುದನ್ನು ನೆನೆದರೆ ಅಂತರ ತಿಳಿಯುತ್ತದೆ.

ಶುಲ್ಕ ಕಟ್ಟಿ ವೀಸಾ ಮುಂದುವರಿಸಬಹುದಿತ್ತು. ಆದರೆ ಊರಿನಲ್ಲಿ ಅಜ್ಜ ಒಬ್ಬರೇ, ಹಟ್ಟಿಯಲ್ಲಿ ಹಸು ಬೇರೆ. ಅಜ್ಜಿ ಹೋದ ಮೇಲೆ ಎರಡು ತಿಂಗಳು ತುಂಬದ ಈ ಕೂಸನ್ನು ಅದೇ ಕಟ್ಟಡದ ಮೂರನೇ ಮಹಡಿಯ ಹೆಂಗಸೊಬ್ಬರು ಹಗಲು ನೋಡಿಕೊಳ್ಳುವುದೆಂದು ಮಾತಾಗಿತ್ತು. ಅವರು ಹೈದರಾಬಾದ್ ಕಡೆಯ ಮುಸ್ಲಿಂ ತಾಯಿ. ಅಜ್ಜಿ ದಿನಾ ಸಂಜೆ ಮಗುವನ್ನೆತ್ತಿಕೊಂಡು ಮೂರನೇ ಮಹಡಿಗೆ ಹೋಗಿ ಕೂರುತ್ತಿದ್ದರು. ಇವರಿಗೆ ಹಿಂದಿ ಬಾರದು, ಅವರಿಗೆ ಕನ್ನಡ ಬಾರದು. ಮಗುವನ್ನು ಹೇಗೆ ಮಲಗಿಸಬೇಕು, ಯಾವ ಮಗ್ಗುಲಿಗೆ ತಿರುಗಿಸಿದರೆ ಅಳು ನಿಲ್ಲುತ್ತದೆ ಎಂಬುದನ್ನು ಕೈಸನ್ನೆಯಲ್ಲೇ ಕಲಿಸಿಕೊಟ್ಟಿದ್ದರು. ಅರವತ್ತು ದಿನದಲ್ಲಿ ಒಬ್ಬ ಅಜ್ಜಿ ಮಾಡಬಹುದಾದ ದೊಡ್ಡ ಕೆಲಸ ಇದೇ ಇರಬೇಕು: ತನ್ನ ಜಾಗಕ್ಕೆ ಇನ್ನೊಬ್ಬ ತಾಯಿಯನ್ನು ಅಣಿಗೊಳಿಸಿ ಹೋಗುವುದು.

ಕಾಗದದ ಮೇಲೆ ನಿಂತ ಸಂಸಾರ

ಊರಿನಲ್ಲಿ ಸಂಸಾರ ನಿಲ್ಲುವುದು ನೆಲದ ಮೇಲೆ. ಅಲ್ಲಿ ನಿಲ್ಲುವುದು ಕಾಗದದ ಮೇಲೆ. ತಿಂಗಳಿಗೆ ನಾಲ್ಕು ಸಾವಿರ ದಿರ್ಹಂ ಸಂಬಳ, ಇಲ್ಲವೇ ಮೂರು ಸಾವಿರ ಮತ್ತು ಉದ್ಯೋಗದಾತರು ಕೊಟ್ಟ ವಸತಿ ಇದ್ದರೆ ಮಾತ್ರ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬಹುದು. ಮುಂಚೆ ಯಾವ ಹುದ್ದೆ ಎಂಬುದನ್ನೂ ನೋಡುತ್ತಿದ್ದರು. 2019ರಿಂದ ಆದಾಯವೇ ಮುಖ್ಯವಾಗಿದೆ. ಹಾಗಾಗಿ ಚಾಲಕರು, ಮೆಕ್ಯಾನಿಕ್‌ಗಳು ಕೂಡ ಆದಾಯವಿದ್ದರೆ ಮಕ್ಕಳನ್ನು ಜೊತೆಗಿಟ್ಟುಕೊಳ್ಳಬಹುದಾಗಿದೆ. ಅಲ್ಲಿ ಹುಟ್ಟಿದ ಮಗುವಿಗೆ 120 ದಿನದೊಳಗೆ ವಾಸದ ಪರವಾನಿಗೆ ಮಾಡಿಸಬೇಕು, ತಪ್ಪಿದರೆ ದಿನಲೆಕ್ಕದಲ್ಲಿ ದಂಡ. ನಮ್ಮ ದೇಶದ ಪೌರತ್ವಕ್ಕಾಗಿ ಹುಟ್ಟಿದ ಒಂದು ವರ್ಷದೊಳಗೆ ಭಾರತದ ದೂತಾವಾಸದಲ್ಲಿ ಹೆಸರು ನೋಂದಾಯಿಸಬೇಕು. ‘ಮುಂದಿನ ರಜೆಯಲ್ಲಿ ಊರಲ್ಲಿ ಮಾಡಿದರಾಯ್ತು’ ಎಂದು ಇದನ್ನು ಮುಂದೂಡಬಾರದು. ಓದುಗರಲ್ಲಿ ಯಾರಿಗಾದರೂ ಮೊಮ್ಮಕ್ಕಳು ಅಲ್ಲಿ ಹುಟ್ಟಿದ್ದರೆ ಇಂದೇ ಒಮ್ಮೆ ಕೇಳಿ ನೋಡಿರಿ.

ತಂದೆಯ ಕೆಲಸ ಹೋದರೆ ಇಡೀ ಮನೆಯ ಪರವಾನಿಗೆ ಅಲುಗುತ್ತದೆ. ಬೇರೆ ಕೆಲಸ ಹುಡುಕಲು ಮುಂಚೆ 30 ದಿನ ಸಿಗುತ್ತಿತ್ತು. 2022ರ ಅಕ್ಟೋಬರ್‌ನ ಬದಲಾವಣೆಯ ನಂತರ ವೀಸಾದ ವರ್ಗ ನೋಡಿ 60ರಿಂದ 180 ದಿನದವರೆಗೆ ಸಿಗುತ್ತದೆ. ಗಂಡು ಮಕ್ಕಳನ್ನು ತಂದೆಯ ಆಶ್ರಯದಲ್ಲಿ ಇಟ್ಟುಕೊಳ್ಳುವ ವಯಸ್ಸೂ ಆಗಲೇ 18ರಿಂದ 25ಕ್ಕೆ ಏರಿತು. ಇವೆಲ್ಲ ಉಪಕಾರದ ಮಾತೇ. ಆದರೂ ಅಲ್ಲೇ ಹುಟ್ಟಿ, ಅಲ್ಲೇ ಓದಿ ಬೆಳೆದ ಹುಡುಗ ಕೂಡ ಒಂದು ದಿನ ಸ್ವಂತ ಕೆಲಸ ಹುಡುಕಿಕೊಳ್ಳಬೇಕು, ಇಲ್ಲವೇ ಹೊರಡಬೇಕು.

2020ರ ಮಹಾಮಾರಿಯ ಸಮಯದಲ್ಲಿ ಇದು ಎಷ್ಟು ತೆಳುವಾದ ಕಾಗದ ಎಂದು ಎಲ್ಲರಿಗೂ ಗೊತ್ತಾಯಿತು. ಆ ಮೇ ತಿಂಗಳಲ್ಲಿ ವಂದೇ ಭಾರತ್ ವಿಶೇಷ ವಿಮಾನಗಳು ಆರಂಭವಾದಾಗ ತುಂಬಿ ಬಂದವರಲ್ಲಿ ಗರ್ಭಿಣಿಯರೂ ಮಕ್ಕಳೂ ಇದ್ದರು. ದೇರಾದಲ್ಲಿ ನಾವು ಕಂಡ ಒಬ್ಬ ಸಹೋದರರು ಆಗ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ, ಮನೆ ಬಿಟ್ಟು, ಆರು ಜನರಿದ್ದ ಕೋಣೆಯಲ್ಲಿ ಒಂದು ಮಂಚದ ಬಾಡಿಗೆಗೆ ಉಳಿದಿದ್ದರು. ಮತ್ತೆ ಸಂಸಾರ ಸೇರಿದ್ದು ಎರಡು ವರ್ಷದ ಮೇಲೆ. ವಿಮಾನ ನಿಲ್ದಾಣದಲ್ಲಿ ಕಿರಿಯ ಮಗ ಅವರನ್ನು ನೋಡಿ ತಾಯಿಯ ಹಿಂದೆ ಅಡಗಿದನಂತೆ, “ಪಪ್ಪಾ ಮೊಬೈಲಲ್ಲಿ ಅಲ್ವಾ ಇರೋದು?” ಎಂದನಂತೆ. ಇದನ್ನು ಹೇಳುವಾಗ ಅವರು ಅಳಲಿಲ್ಲ. ಮಗನ ಬೂಟಿನ ದಾರ ಕಟ್ಟುತ್ತಾ ಹೇಳಿದರು.

ಶುಕ್ರವಾರದ ಜ್ಞಾನೋಪದೇಶ

ದುಬೈಯ ಔದ್ ಮೆಥಾದಲ್ಲಿರುವ ಸಂತ ಮೇರಿ ದೇವಾಲಯ ನಮ್ಮವರಿಗೆಲ್ಲ ಪರಿಚಿತ. ಅಂದಿನ ದೊರೆ ಶೇಖ್ ರಾಶಿದ್ ಅವರು ಕೊಟ್ಟ ನೆಲದಲ್ಲಿ 1967ರಲ್ಲಿ ಮೊದಲ ದೇವಾಲಯ ಎದ್ದಿತು, ಈಗಿನದು 1989ರದು. ದೀರ್ಘಕಾಲ ಅಲ್ಲಿ ಜ್ಞಾನೋಪದೇಶವೂ ಕುಟುಂಬಗಳು ಸೇರುವ ಪೂಜೆಯೂ ಶುಕ್ರವಾರದ್ದು, ಏಕೆಂದರೆ ವಾರದ ರಜೆ ಅಂದೇ. 2022ರ ಜನವರಿಯಿಂದ ಯುಎಇ ಶನಿವಾರ, ಭಾನುವಾರಗಳನ್ನು ವಾರಾಂತ್ಯವನ್ನಾಗಿ ಮಾಡಿತು. ಕೆಲವು ಹಿರಿಯ ಮಕ್ಕಳು ಈಗಲೂ ‘ಫ್ರೈಡೇ ಕ್ಯಾಟೆಕಿಸಂ’ ಎಂದೇ ಬಾಯ್ತಪ್ಪಿ ಹೇಳುತ್ತಾರೆ.

ಅಲ್ಲಿಯ ಮಕ್ಕಳಿಗೆ ಫಿಲಿಪ್ಪೀನ್ಸಿನ ಅಕ್ಕ, ಲೆಬನಾನಿನ ಅಣ್ಣ, ಗೋವಾದ ಟೀಚರ್ ಎಲ್ಲರೂ ಒಂದೇ ಪಂಕ್ತಿಯವರು. ರಜೆಯಲ್ಲಿ ನಮ್ಮ ಇಗರ್ಜಿಗೆ ಬಂದ ಹುಡುಗಿಯೊಬ್ಬಳು “ಇಲ್ಲಿ ಬೇರೆ ದೇಶದವರು ಯಾಕಿಲ್ಲ ಫಾದರ್?” ಎಂದು ನಮ್ಮನ್ನು ಕೇಳಿದ್ದುಂಟು. ಸಂತೆಗೂ ಪೂಜೆಗೂ ಒಂದೇ ಮುಖಗಳನ್ನು ಕಂಡು ಬೆಳೆದ ನಮಗೆ ಆ ಪ್ರಶ್ನೆ ಹೊಳೆದಿರಲೇ ಇಲ್ಲ.

ಮಳೆಯ ಊರು

ಅಲ್ಲಿಯ ಭಾರತೀಯ ಶಾಲೆಗಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್ ತಿಂಗಳಲ್ಲಿ. ಆಗ ನಮ್ಮಲ್ಲಿ ಆಟಿಯ ಮಳೆ. ಹೀಗಾಗಿ ಈ ಮಕ್ಕಳಿಗೆ ಊರು ಎಂದರೆ ಮಳೆ. ಕೊಡೆ, ಕೆಸರು, ಕರೆಂಟಿಲ್ಲದ ರಾತ್ರಿ, ಒಣಗದ ಬಟ್ಟೆ. “ನಮ್ಮ ಮಗನಿಗೆ ಮಾವಿನ ಮರ ಗೊತ್ತು, ಮರದಲ್ಲಿ ಹಣ್ಣು ನೋಡಿಲ್ಲ” ಎಂದರು ಒಬ್ಬ ತಾಯಿ. ಊರಿನ ಚಿತ್ರ ಬಿಡಿಸು ಎಂದು ನಾವು ಹೇಳಿದಾಗ ಆ ಏಳು ವರ್ಷದ ಹುಡುಗ ಮನೆ ಬಿಡಿಸಿ ಇಡೀ ಹಾಳೆಯ ಮೇಲೆ ನೀಲಿ ಗೆರೆ ಎಳೆದ.

ಮಕ್ಕಳ ಹಬ್ಬವೇ ಆದ ಮೋಂತಿ ಹಬ್ಬ ಅವರ ಕೈತಪ್ಪಿ ಹೋಗುತ್ತದೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಾತೆ ಮರಿಯಮ್ಮನವರಿಗೆ ಹೂವು ಎರಚಿ, ಸೆಪ್ಟೆಂಬರ್ 8ರಂದು ಹೊಸ ತೆನೆ ಮನೆಗೆ ತರುವಷ್ಟರಲ್ಲಿ ಅವರ ಶಾಲೆ ಆರಂಭವಾಗಿರುತ್ತದೆ. ಆದರೆ ತಂದೆತಾಯಿಗಳು ಸುಮ್ಮನೆ ಬಿಟ್ಟಿಲ್ಲ. ಊರಿನಿಂದ ಪೆಟ್ಟಿಗೆಯಲ್ಲಿ ತಂದ ತೆನೆಯನ್ನು ವಾರಾಂತ್ಯದಲ್ಲಿ ಹಂಚಿಕೊಂಡು, ಅಂಗಡಿಯಿಂದ ಕೊಂಡ ಹೂವನ್ನು ಮಕ್ಕಳ ಕೈಗೆ ಕೊಟ್ಟು, ಹೊಸ ಅಕ್ಕಿಯನ್ನು ತೆಂಗಿನ ಹಾಲಿನಲ್ಲಿ ಕಲಸಿ ಉಣ್ಣುತ್ತಾರೆ. ಗದ್ದೆಯನ್ನೇ ಸರಿಯಾಗಿ ಕಾಣದ ಮಗು ತೆನೆಯ ಕಾಳೆಣಿಸಿ ತಿನ್ನುತ್ತದೆ. ನಮ್ಮೂರಲ್ಲೇ ಎಷ್ಟು ಗದ್ದೆಗಳು ಅಡಿಕೆ, ರಬ್ಬರ್ ತೋಟಗಳಾಗಿವೆ ಎಂದು ನೆನೆದಾಗ ಆ ಮಗುವಿಗೂ ಇಲ್ಲಿಯ ಮಗುವಿಗೂ ದೊಡ್ಡ ಅಂತರವೇನೂ ಇಲ್ಲ ಎನಿಸಿತು.

ಭಾಷೆಯ ಮಾತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್, ಕಡ್ಡಾಯವಾಗಿ ಅರಬ್ಬಿ, ಗೆಳೆಯರೊಡನೆ ಹಿಂದಿ. ಕನ್ನಡಕ್ಕೆ ಜಾಗವೆಲ್ಲಿ? ದುಬೈಯಲ್ಲಿ ‘ಕನ್ನಡ ಮಿತ್ರರು’ ಸಂಘದವರು ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುವ ಪಾಠಶಾಲೆ ನಡೆಸಿಕೊಂಡು ಬಂದಿದ್ದಾರೆ, ಸ್ತುತ್ಯ ಕೆಲಸ. ಆದರೆ ಎಲ್ಲರಿಗೂ ಅದು ಎಟುಕದು. ಅಜ್ಜಿಯ ಜೊತೆಗಿನ ಫೋನೇ ಹೆಚ್ಚಿನ ಮಕ್ಕಳ ಪಾಠಶಾಲೆ. ವರ್ಷಗಳಿಂದ ಅಲ್ಲಿ ವಾಟ್ಸಾಪ್ ಕರೆಗೆ ತಡೆಯಿದ್ದುದರಿಂದ ನಮ್ಮೂರ ಅಜ್ಜಿಯರು ‘ಬೋಟಿಮ್’ ಬಳಸಲು ಕಲಿತರು. ಅಲ್ಲಿ ಏಳೂವರೆ ಆದಾಗ ಇಲ್ಲಿ ಒಂಬತ್ತು. ಜಪಸರ, ಊಟ ಮುಗಿಸಿ ಅಜ್ಜಿ ಕಾಯುತ್ತಾಳೆ. ಮಗು “ಏನು ತಿಂದಿ?” ಎಂದು ಏಕವಚನದಲ್ಲೇ ಕೇಳುತ್ತದೆ. ಅಜ್ಜಿಗೆ ಅದೇ ಸವಿ.

ನಮ್ಮ ಪಾಲಿನ ಕೆಲಸ

ಪ್ರಿಯ ಓದುಗರೇ, ನಾವು ಗಡಿನಾಡಿನವರು. 1956ರ ನವೆಂಬರ್ 1ರಿಂದ ಕಚೇರಿಯ ಭಾಷೆ ಒಂದು, ಮನಸ್ಸಿನ ಭಾಷೆ ಇನ್ನೊಂದು ಎಂಬ ಬದುಕನ್ನು ಕಾಸರಗೋಡು ಕಂಡಿದೆ. ಮನೆಯಲ್ಲಿ ಕೊಂಕಣಿ, ದಾರಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ ಎಂದು ನಾಲ್ಕನ್ನು ನಿಭಾಯಿಸಿದವರು ನಾವು. ಇನ್ನೊಬ್ಬರ ನಾಡಿನ ನಿಯಮಗಳ ನಡುವೆ ತನ್ನದನ್ನು ಉಳಿಸಿಕೊಳ್ಳುವುದು ಎಂದರೇನು ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಿರುವಾಗ ರಜೆಗೆ ಬಂದ ಮಗು ‘ಮಳೆ ಬಂದಳು’ ಎಂದರೆ ಗುಂಪಾಗಿ ನಗುವುದೇಕೆ? ಒಮ್ಮೆ ನಗೆಪಾಟಲಾದ ಮಗು ಮರುದಿನದಿಂದ ಇಂಗ್ಲಿಷಿನಲ್ಲೇ ಮಾತಾಡುತ್ತದೆ. ಆಮೇಲೆ ‘ಅವರಿಗೆ ಭಾಷೆ ಬರುವುದಿಲ್ಲ’ ಎಂದು ದೂರುವವರೂ ನಾವೇ.

ಎರಡು ತಿಂಗಳ ರಜೆಯನ್ನು ಮದುವೆ, ಔತಣ, ನೆಂಟರ ಮನೆ ಎಂದು ಕಾರಿನಲ್ಲೇ ಕಳೆಯಬೇಡಿರಿ. ಮಗುವಿಗೆ ಮನೆಯಲ್ಲಿ ಒಂದು ಕೆಲಸ ಕೊಡಿರಿ: ಕೋಳಿಗೆ ಕಾಳು ಹಾಕುವುದು, ಸಂಜೆ ಅಲ್ತಾರಿನ ದೀಪ ಹಚ್ಚುವುದು, ಅಜ್ಜನ ಕನ್ನಡಕ ತಂದುಕೊಡುವುದು. ಕೆಲಸವಿರುವವನು ಮನೆಯವನು, ಕೆಲಸವಿಲ್ಲದವನು ಅತಿಥಿ. ‘ನಮಗೇನು ತಂದಿದ್ದೀ?’ ಎಂದು ಕೇಳುವ ಮೊದಲು ‘ನಿನ್ನ ಗೆಳೆಯರ ಹೆಸರೇನು?’ ಎಂದು ಕೇಳಿರಿ. ಧರ್ಮಕೇಂದ್ರಗಳಲ್ಲಿ ಈ ಎರಡು ತಿಂಗಳು ಅವರನ್ನು ಮಕ್ಕಳ ಗಾನವೃಂದಕ್ಕೆ, ಆಟಕ್ಕೆ ಸೇರಿಸಿಕೊಳ್ಳೋಣ. ಮುಂದೆ ಒಂದು ದಿನ ಆ ಕಾಗದ ಕೈಬಿಟ್ಟಾಗ, ಐದನೇ ತರಗತಿಗೋ ಹತ್ತನೇ ತರಗತಿಗೋ ಅವರು ಮರಳಿ ಬರಬೇಕಾಗಬಹುದು. ಆಗ ಅವರಿಗೆ ಇಲ್ಲಿ ಹೆಸರು ಹಿಡಿದು ಕರೆಯುವ ನಾಲ್ಕು ಗೆಳೆಯರಿದ್ದರೆ ಸಾಕು, ಅದು ಪರದೇಶವಾಗುವುದಿಲ್ಲ.

ಅಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ಕೆಲಸ, ಬಾಡಿಗೆ, ಶಾಲೆಯ ಶುಲ್ಕ, ಊರಿನ ಸಾಲ ಎಲ್ಲವೂ ನಿಮ್ಮ ಹೆಗಲ ಮೇಲಿವೆ, ಬಲ್ಲೆವು. ಆ ಅರ್ಧ ಗಂಟೆಯ ಆನೆಯಾಟವನ್ನು ಮಾತ್ರ ಬಿಡಬೇಡಿರಿ. ಮುಂದೆ ಮಕ್ಕಳು ಯಾವ ದೇಶದಲ್ಲಿ ನೆಲೆಸಿದರೂ ಅವರು ನೆನೆಯುವುದು ಅದನ್ನೇ.

ಇನ್ನು ಜುಲೈ ಬರುತ್ತದೆ, ಮಳೆಯೂ ಬರುತ್ತದೆ. ಅಂಗಳದಲ್ಲಿ ಒದ್ದೆಯಾಗಿ ನಿಂತ ಮಗು ತಪ್ಪು ಕನ್ನಡದಲ್ಲಿ ಏನಾದರೂ ಕೇಳಿದರೆ, ತಿದ್ದುವ ಮೊದಲು ಉತ್ತರ ಕೊಡೋಣ.